ಗುರುಮನೆಯ ಒರಳು

ಗುರುಮನೆಯ ಒಳಕೋಣೆಯ ಹೊಸ್ತಿಲನ್ನು ಹೆಂಗಸರು ದಾಟುವಂತಿಲ್ಲ. ನಮ್ಮೂರ ಮಠದ ಗುರುಗಳು, ಅಂದರೆ ಬುದ್ಧಿಯವರು, ತಲೆತಲಾಂತರದಿಂದ ವಾಸವಿರುವ ಮನೆ ಅದು. ಇಪ್ಪತ್ತೆಂಟು ವರ್ಷಗಳಿಂದ ಪ್ರತಿ ಸೋಮವಾರ ನಾನು ಅಲ್ಲಿನ ಜಗುಲಿ, ಪಡಸಾಲೆ ತೊಳೆದು, ಆ ಹೊಸ್ತಿಲಿಗೆ ವಿಭೂತಿ ಬಳಿದು ಬರುತ್ತೇನೆ. ಅದು ನಮ್ಮ ಮನೆಯ ಹೆಂಗಸರಿಗೇ ಸೇರಿದ ಕೆಲಸ.

ಯಾಕೆಂದು ನಮ್ಮತ್ತೆ ಹೇಳಿದ್ದರು. ಮಠಕ್ಕೆ ನೆಲೆಯಿಲ್ಲದ ಕಾಲದಲ್ಲಿ ನಮ್ಮ ಮನೆತನದ ಚಿಕ್ಕನಂಜಮ್ಮ ಎಂಬ ವಿಧವೆ ತಾನಿದ್ದ ಮನೆಯನ್ನೇ ಗುರುಗಳಿಗೆ ಬಿಟ್ಟುಕೊಟ್ಟು ಕೊಟ್ಟಿಗೆಗೆ ಹೋದಳಂತೆ. ಕೊಟ್ಟ ಮೇಲೆ ಅವಳೂ ಒಳಗೆ ಕಾಲಿಡುವಂತಿರಲಿಲ್ಲ. "ಗುರುಗಳ ಗದ್ದುಗೆ ಕೆಳಗೆ ಅವ್ಳ ವರಳು ಐತೆ ಕಣಮ್ಮ" ಎಂದಿದ್ದರು ಅತ್ತೆ.

ಈ ಸೋಮವಾರ ನಾನು ಹೋದಾಗ ಗುರುಗಳು ಕೂರುವ ಗದ್ದುಗೆಯನ್ನು ಪಡಸಾಲೆಗೆ ತಂದಿಟ್ಟಿದ್ದರು. ಒಳಕೋಣೆಗೆ ಗ್ರಾನೈಟ್ ಹಾಕುತ್ತಿದ್ದರು. ಹೊಸ್ತಿಲ ಈಚೆಯಿಂದಲೇ ಕಂಡಿತು, ನೆಲದಲ್ಲಿ ಹುಗಿದ ಒರಳು. ಒನಕೆ ಬಿದ್ದು ಬಿದ್ದು ಅದರ ಬಾಯಿ ಹೊಳೆಯುವಷ್ಟು ನುಣುಪಾಗಿತ್ತು.

ಗುರುಮನೆಯ ಚರಿತ್ರೆ ಬರೆದಿರುವ ರೇವಣ್ಣ ಮೇಷ್ಟ್ರು ಅಲ್ಲೇ ನಿಂತಿದ್ದರು. ಮನೆಯನ್ನು ಪಟೇಲರು ಕಟ್ಟಿಸಿಕೊಟ್ಟರೆಂದು ಬರೆದಿದ್ದಾರೆ.

"ಮೇಷ್ಟ್ರೆ, ಪುಸ್ತಕದಲ್ಲಿ ಚಿಕ್ಕನಂಜಮ್ಮನ ಎಸ್ರು ಹಾಕಿ. ದಾಖಲೆ ನಿಮ್ ಕಣ್ಮುಂದೇನೇ ಐತೆ."

"ಅದಾ? ಅದು ಗುರುಗಳು ಗಂಧ ತೇಯ್ತಿದ್ದ ಕಲ್ಲು ಕಣಮ್ಮ. ಅಂಗೇ ಬರ್ದಿವ್ನಿ."

"ಗಂಧ ತೇಯೋಕೆ ಮೊಣಕೈ ಉದ್ದದ ಗುಳಿ ಬೇಕಾ? ನಿಮ್ಮವ್ವ ರಾಗಿ ಕುಟ್ಟಿದ್ದ ನೀವು ನೋಡೇ ಇಲ್ವಾ?"

ಒಳಗೆ ಕೆಲಸದವರು ನಕ್ಕರು. ಮೇಷ್ಟ್ರು ನಗಲಿಲ್ಲ.

"ಪುಸ್ತಕ ಮಂಡ್ಯದ ಪ್ರೆಸ್ಸಿಗೋಯ್ತು ನಾಗರತ್ನಮ್ಮ. ಬುದ್ಧಿಯವ್ರೂ ಒಪ್ಕಂಡವ್ರೆ."

"ಒಂದು ಫೋಟೋನಾದ್ರೂ ತಕ್ಕಳಿ."

"ಸನ್ನಿಧಾನದಲ್ಲಿ ಫೋಟೋ ತೆಗೆಯಂಗಿಲ್ಲ. ನಿಂಗೇ ಗೊತ್ತಲ್ಲ."

ಗೊತ್ತಿತ್ತು. ಆ ಕಟ್ಟಳೆಯನ್ನು ಹೊಸಬರಿಗೆಲ್ಲ ಹೇಳುತ್ತಿದ್ದವಳೇ ನಾನು. ಗಾರೆ ಮೆತ್ತಿದ ಚಪ್ಪಲಿ ಮೆಟ್ಟಿದ ನಾಲ್ಕು ಗಂಡಸರು ಒಳಗೆ ಓಡಾಡುತ್ತಿದ್ದರು. ನನ್ನ ಕಾಲ್ಬೆರಳು ಹೊಸ್ತಿಲಿಗೆ ತಾಗಿತ್ತು. ಒಂದು ಹೆಜ್ಜೆ ಇಟ್ಟಿದ್ದರೆ ಯಾರು ಏನು ಮಾಡುತ್ತಿದ್ದರು? ಕಾಲು ಏಳಲಿಲ್ಲ. ಯಾರೂ ಹಿಡಿದಿರಲಿಲ್ಲ, ಆದರೂ ಏಳಲಿಲ್ಲ.

"ಅಮ್ಮಾ, ಒಂದ್ ಕೊಡ ನೀರ್ ತತ್ತೀರಾ? ಸಿಮೆಂಟು ಗಟ್ಟಿಯಾಯ್ತಾ ಐತೆ" ಎಂದ ಮಳವಳ್ಳಿಯಿಂದ ಬಂದಿದ್ದ ಕೆಲಸಗಾರ ಯತೀಶ್.

ಗುರುಮನೆಗೆ ಸೋಮವಾರದ ನೀರು ತರುವವಳು ನಾನೇ. ತಂದು ಹೊಸ್ತಿಲ ಮೇಲಿಟ್ಟೆ. ಅವನು ಸಿಮೆಂಟು ಕಲಸಿ, ನೆಲ ಸಮ ಮಾಡಲು ಒರಳಿಗೆ ಸುರಿದ. ಒಂದು ಬಾಂಡ್ಲಿ ಸಾಲಲಿಲ್ಲ.

"ಸ್ಯಾನೆ ಆಳ ಐತೆ ಕಣಮ್ಮ. ಇನ್ನೊಂದ್ ಕೊಡ ಬೇಕು" ಎಂದ.

ಬರಿಗೊಡ ಎತ್ತಿಕೊಂಡು ನಲ್ಲಿಯ ಕಡೆಗೆ ಹೋದೆ.