ತಲೆ ಯಾರದು?

ಪಾರ್ಶ್ವವಾಯು ಬಡಿದ ಮೇಲೆ ಡ್ರೈವರ್ ತಾತನ ಮಾತು ನಿಧಾನವಾಗಿತ್ತು, ಬುದ್ಧಿಯಲ್ಲ. ಆದರೂ ಆ ಬೆಳಿಗ್ಗೆ ಎರಡು ಸಲೂನುಗಳಲ್ಲಿ ಕುರ್ಚಿಯ ಮೇಲೆ ಕೂತವನನ್ನು ಬಿಟ್ಟು, "ಇವರಿಗೆ ಹೇಗೆ ಕತ್ತರಿಸಲಮ್ಮಾ?" ಎಂದು ಅವನ ಹೆಂಡತಿಯನ್ನೇ ಕೇಳಿದ್ದರು.

"ತಲೆ ಅವರದು, ಬಾಯೂ ಅವರಿಗಿದೆ. ನಾನೇನು ಕುರಿ ಉಣ್ಣೆ ತೆಗೆಸೋಕೆ ಬಂದಿದ್ದೀನಾ?" ಎಂದು ಅಜ್ಜಿ ಎರಡೂ ಕಡೆ ಗಂಡನನ್ನು ಎಬ್ಬಿಸಿಕೊಂಡು ಬಂದಿದ್ದಳು. ಮೂರನೆಯ ಅಂಗಡಿಯ ಮೆಟ್ಟಿಲು ಹತ್ತುವಾಗಲೂ ಅವಳ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

ಅಲ್ಲಿಯ ಕ್ಷೌರಿಕ ಬಟ್ಟೆ ಹೊದಿಸಿ, ಕನ್ನಡಿಯಲ್ಲಿ ತಾತನ ಕಣ್ಣನ್ನೇ ನೋಡುತ್ತ, "ಹೇಗಿರಬೇಕು ಯಜಮಾನ್ರೇ?" ಎಂದ. ತಾತನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಕ್ಷೌರಿಕ ಕತ್ತರಿ ಕೆಳಗಿಟ್ಟು ಕಾದ.

ಅಜ್ಜಿಗೆ ತಡೆಯಲಾಗಲಿಲ್ಲ. "ಪೂರಾ ಸಣ್ಣ ಮಾಡಪ್ಪಾ, ಸೆಕೆ" ಎಂದುಬಿಟ್ಟಳು.

"ನಿಮ್ಮ ತಲೆಕೂದಲು ಕತ್ತರಿಸುವಾಗ ನಿಮ್ಮನ್ನ ಕೇಳ್ತೀನಮ್ಮ" ಎಂದ ಕ್ಷೌರಿಕ, ಕನ್ನಡಿಯಿಂದ ಕಣ್ಣು ತೆಗೆಯದೆ.

ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. ಬೈಯಲು ಬಾಯಿ ತೆರೆದಳು. ಆದರೆ ಅವನು ಆಡಿದ್ದು ಅವಳದೇ ಮಾತಾಗಿತ್ತು, ಬೆಳಗಿನಿಂದ ಎರಡು ಸಲ ಆಡಿದ್ದೇ.

"ಕಿವಿ ಮೇಲೆ... ಉದ್ದ ಇರಲಿ" ಎಂದ ತಾತ, ಕೊನೆಗೂ. ಉಸಿರು ತೆಗೆದುಕೊಂಡು ಸೇರಿಸಿದ: "ಇವಳ ಮಾತು... ಕೇಳಬೇಡ."

ಅಜ್ಜಿ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಳು.