ಬೇಯದ ನೀಲಿ

ಸ್ಟ್ರೆಚರ್ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಭೋಜರಾಜನ ಶವವನ್ನು ಮೆಟ್ಟಿಲಿನಲ್ಲೇ ಇಳಿಸಬೇಕಾಯಿತು.

"ಯಲ್ಲಾ, ಬೇಗ ಬೇಗ, ತಲೆ ಕಡೆ ಎತ್ತಿ ಹಿಡೀರಿ ಮಾರಾಯ್ರೆ. ಟೈಲ್ಸ್ ಪೆಟ್ಟಿಗೆ ಅಂತ ತಿಳ್ಕೊಳ್ಳಿ, ಮೂಲೆ ತಾಗ್ಬಾರ್ದು," ಎಂದ ಶರ್ಫುದ್ದೀನ್. ಗಲ್ಫಿನ ಈ ಊರಿನ ವಾದಿ ಅದಾಯಿ ಬಡಾವಣೆಯಲ್ಲಿ ಅವನದೊಂದು ಟೈಲ್ಸ್ ಸುಡುವ ಭಟ್ಟಿ. ಅಲ್ಲಿ ಭೋಜರಾಜ ಡಚ್ಚರ ಮಾದರಿಯ ನೀಲಿ-ಬಿಳಿ ಟೈಲ್ಸಿಗೆ ಚಿತ್ರ ಬರೆಯುತ್ತಿದ್ದ.

ಭೋಜರಾಜನ ಹೆಂಡತಿ ಹರಿಣಾಕ್ಷಿ ಬಾಗಿಲಲ್ಲಿ ಶರ್ಫುದ್ದೀನನನ್ನು ತಡೆದಳು. "ಶರ್ಫುದ್ದೀನಣ್ಣ, ಬಾಲ್ಕನಿಯಲ್ಲಿ ಅವರು ಬರೆದಿಟ್ಟ ಟೈಲ್ಸ್ ಉಂಟು. ಇನ್ನೂ ಸುಟ್ಟಿಲ್ಲ. ನನಗೇಂತ ಬರೆದದ್ದು ಅದೊಂದೇ."

"ಸ್ಮಶಾನದಿಂದ ಸೀದಾ ಬರ್ತೇನಕ್ಕ. ಭಟ್ಟಿ ಹಚ್ಚಲಿಕ್ಕೆ ಹೇಳಿದ್ದೇನೆ."

*

"ಊರಿಡೀ ವಿಲ್ಲಾಗಳಿಗೆ ಬರೀತೀರಿ. ನಮ್ಮ ಒಲೆ ಹಿಂದಿನ ಗೋಡೆ ನೋಡಿ, ಜಿಡ್ಡು ಹಿಡಿದು ಹೋಗಿದೆ," ಎಂದು ಹರಿಣಾಕ್ಷಿ ವರ್ಷಗಟ್ಟಲೆ ಚುಚ್ಚಿದ ಮೇಲೆ ಭೋಜರಾಜ ಕೊನೆಗೊಮ್ಮೆ ಬರೆಯಲು ಕೂತಿದ್ದ. ಸೂಜಿಯಿಂದ ತೂತು ಮಾಡಿದ ಕಾಗದವನ್ನು ಬಿಳಿ ಮೆರುಗು ಬಳಿದ ಟೈಲಿನ ಮೇಲಿಟ್ಟು ಇದ್ದಿಲ ಪುಡಿ ತಟ್ಟಿದ. ಮೂಡಿದ ಚುಕ್ಕೆಗಳ ಮೇಲೆ ಕುಂಚ ಓಡಿಸಿದ. ಡಚ್ಚರು ಹಡಗು, ಗಾಳಿಯಂತ್ರ ಬರೆಯುವ ಜಾಗದಲ್ಲೆಲ್ಲ ಹರಿಣಾಕ್ಷಿ: ಬಂಗುಡೆ ಕೊಯ್ಯುವವಳು, ಮಲ್ಲಿಗೆ ಕಟ್ಟುವವಳು, ಫೋನಿನಲ್ಲಿ ಜಗಳಾಡುವವಳು.

"ನನ್ನ ಮೂಗು ಇಷ್ಟು ದಪ್ಪವಾ? ಸ್ವಲ್ಪ ಅಳಿಸಿ."

"ಆಗೂದಿಲ್ಲ. ಹಸಿ ಮೆರುಗು ಬಣ್ಣ ಕುಡಿದುಬಿಡ್ತದೆ. ಉಜ್ಜಿದ್ರೆ ಮೆರುಗೂ ಎದ್ದು ಅಡಿಯ ಕೆಂಪು ಮಣ್ಣು ಕಾಣ್ತದೆ."

"ನೀಲಿ ಎಲ್ಲುಂಟು? ಮಸಿ ಬಳಿದ ಹಾಗುಂಟು."

"ಬೆಂಕಿ ಕಾಣದೆ ನೀಲಿ ಬರೂದಿಲ್ಲ ಮಾರಾಯ್ತಿ. ಚೀನಾದ್ದು ನೋಡಿ ಡಚ್ಚರು ಕಲಿತದ್ದು, ಡಚ್ಚರದ್ದು ನೋಡಿ ಉಳ್ಳಾಲದ ನಾನು. ಎಲ್ರೂ ಭಟ್ಟಿ ಮುಂದೆ ಕಾದವರೇ. ನೀನೂ ಕಾಯ್ಬೇಕು."

*

ಹೆಣ ಹೋದ ಮೇಲೆ ಮನೆ ತೊಳೆಯಬೇಕು. ಕಟ್ಟಡಕ್ಕೆ ನೀರಿನ ಟ್ಯಾಂಕರ್ ಬಂದದ್ದೇ ತಡವಾಗಿ. ತಂಗಿ ಯಶ್ಮಿತಾ ಬಕೆಟ್ ಹಿಡಿದಳು. ಅಕ್ಕನನ್ನು ಒಳಕೋಣೆಯಿಂದ ಏಳಲು ಬಿಡಲಿಲ್ಲ.

"ಎಲ್ಲ ಆಯ್ತಕ್ಕ," ಎಂದು ಕೊನೆಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಬಾಲ್ಕನಿಯನ್ನೂ ಬಿಡ್ಲಿಲ್ಲ. ಬಾವನ ಟೈಲ್ಸಿಗೆಲ್ಲ ಎಂಥ ಮಸಿ! ಬ್ರಶ್ ಹಾಕಿ ಉಜ್ಜಿದ್ದೇನೆ. ಈಗ ನೋಡು, ಹೊಸ ಹೆಂಚಿನ ಹಾಗೆ ಕೆಂಪು."

ಹರಿಣಾಕ್ಷಿ ಎದ್ದು ಬಾಲ್ಕನಿಗೆ ಹೋದಳು. ಬೋಳು ಮಣ್ಣಿನ ಬಿಲ್ಲೆಗಳು ಗೋಡೆಗೆ ಒರಗಿ ಒಣಗುತ್ತಿದ್ದವು.

"ಎಂತಕ್ಕ? ಸರಿ ಹೋಗ್ಲಿಲ್ವಾ?"

ಯಶ್ಮಿತಾಳ ಬೆರಳುಗಳು ನೀರಲ್ಲಿ ನೆಂದು ಸುಕ್ಕುಗಟ್ಟಿದ್ದವು.

"ಚಂದ ತೊಳೆದಿದ್ದಿ," ಎಂದಳು ಹರಿಣಾಕ್ಷಿ.

ಫೋನ್ ಬಡಿದುಕೊಂಡಿತು. ಶರ್ಫುದ್ದೀನ್. "ಅಕ್ಕಾ, ಸ್ಮಶಾನದ ಕೆಲಸ ಖಲಾಸ್. ಭಟ್ಟಿ ಬಿಸಿ ಆಗಿದೆಯಂತೆ. ಕೆಳಗಿದ್ದೇನೆ, ಬರ್ಲಾ?"

ಅವಳು ಬಗ್ಗಿ ನೋಡಿದಳು. ಬಾಲ್ಕನಿಯ ಕೊಳವೆಯಿಂದ ಹಾಲಿಗೆ ಮಸಿ ಬೆರೆತಂಥ ನೀರು ಶರ್ಫುದ್ದೀನನ ಪಿಕಪ್ಪಿನ ಗಾಜಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒಳಗೆ ಕೂತವನು ಫೋನು ಕಿವಿಯಲ್ಲಿಟ್ಟುಕೊಂಡೇ ವೈಪರ್ ಹಾಕಿದ.