ಹಳೇ ಕಾರಿಗೆ ಹೊಸ ಗ್ಯಾಸು

ವಾರಗಿತ್ತಿಯ ಕಾರು ತನ್ನ ರಿಪೇರಿ ಶೆಡ್ಡಿನ ಮುಂದೆ ಬಂದು ನಿಂತಾಗ ಕಿರಿಸೊಸೆ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡಲಿಲ್ಲ. ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಿನ ಎಸಿ ರಿಪೇರಿ ಮಾಡುವ ಸೊಸೆಯನ್ನು ಕಂಡರೆ ಅತ್ತೆಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಗ್ರೀಸು ಮೆತ್ತಿದ ಕೈ ನನ್ನ ಅಡುಗೆಮನೆಗೆ ಬೇಡ ಎಂದು ಒಂದು ದಿನ ಅಂದೇಬಿಟ್ಟಿದ್ದಳು. ಹಿರಿಸೊಸೆಯಾದ ಈ ವಾರಗಿತ್ತಿ ಅದಕ್ಕೆ ಉಪ್ಪುಖಾರ ಹಚ್ಚಿದಳು. ಕಿರಿಯವಳು ಗಂಡನನ್ನು ಹೊರಡಿಸಿಕೊಂಡು ಆ ಮನೆಯಿಂದ ಹೊರಬಿದ್ದಿದ್ದಳು. ಈಗ ಮಾವ ಬಿಟ್ಟುಹೋದ ಈ ಕಾರಿನ ಎಸಿ ಕೆಟ್ಟಿತ್ತು. ಅಷ್ಟು ಹಳೆಯದನ್ನು ಮುಟ್ಟಲು ಬೇರೆ ಯಾರೂ ಒಪ್ಪಿರಲಿಲ್ಲ.

ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದಳು. ಇವಳ ಹೊಸ್ತಿಲು ತುಳಿಯುವುದಿಲ್ಲ ಎಂದು ಹಿರಿಸೊಸೆಯ ಬಾಯಲ್ಲಿ ಹೇಳಿಸಿ, ಇಳಿಯದೆ ಉಳಿದಳು.

"ಗ್ಯಾಸ್ ತುಂಬು, ಸಾಕು. ನಿನ್ನ ಪಾಠ ಬೇಡ," ಅಂದಳು ವಾರಗಿತ್ತಿ.

ಈ ಹಳೇ ಎಸಿಯ ಗ್ಯಾಸು ಈಗ ಸಿಗುವುದಿಲ್ಲ, ಹೊಸದನ್ನು ಹಾಕಬೇಕಾದರೆ ಒಳಗಿನ ಎಣ್ಣೆ, ರಬ್ಬರ್ ರಿಂಗು, ತೇವ ಹೀರುವ ಡ್ರೈಯರ್ ಎಲ್ಲ ಬದಲಾಗಬೇಕು ಎಂದು ಅವಳು ಕಾರಿಗೇ ಹೇಳುವಂತೆ ಹೇಳಿದಳು. ಇದ್ದದ್ದನ್ನು ಕಿತ್ತೆಸೆಯುವುದು ನಿನಗೆ ಹೊಸದಲ್ಲವಲ್ಲ ಎಂದು ವಾರಗಿತ್ತಿಯಿಂದ ಉತ್ತರ ಬಂತು.

ಕಿರಿಯವಳು ಉಳಿದಿದ್ದ ಹಳೇ ಗ್ಯಾಸನ್ನು ಮೆಷಿನ್ನಿಗೆ ಎಳೆದುಕೊಂಡಳು, ಎಣ್ಣೆ, ರಿಂಗು, ಡ್ರೈಯರ್ ಬದಲಿಸಿದಳು, ಪೈಪುಗಳೊಳಗಿನ ಗಾಳಿ ತೆಗೆಯಲು ಪಂಪು ಹಚ್ಚಿದಳು. ಪಂಪು ಗುರುಗುಟ್ಟುತ್ತಿತ್ತು. ಅತ್ತೆ ಬೆವರುವುದನ್ನು ಕಂಡು ಟೇಬಲ್ ಫ್ಯಾನನ್ನು ಅತ್ತ ತಿರುಗಿಸಿದಳು. ಅತ್ತೆ ಕಾರಿನ ಗಾಜು ಏರಿಸಿಕೊಂಡಳು.

ಕೊನೆಗೆ ಎಂಜಿನ್ ಚಾಲೂ ಮಾಡಿ ಹೊಸ ಗ್ಯಾಸು ಬಿಟ್ಟಳು. ವಾರಗಿತ್ತಿ ಗ್ಯಾಸಿನ ಸಿಲಿಂಡರ್ ಇಟ್ಟಿದ್ದ ತೂಕದ ಯಂತ್ರ ಇಣುಕಿ ನೋಡಿದಳು.

"ಇಷ್ಟೇನಾ? ಮೊದಲು ಜಾಸ್ತಿ ಹಿಡೀತಿತ್ತು. ಗ್ಯಾಸಲ್ಲೂ ಕದೀತೀಯಾ?"

"ಇದನ್ನ ಕಮ್ಮಿನೇ ಹಾಕಬೇಕು ಅಕ್ಕ. ಜಾಸ್ತಿ ಆದ್ರೆ ಪೈಪ್ ಸೀಳುತ್ತೆ."

"ನಾನು ಹೇಳಿದಷ್ಟು ತುಂಬು."

ಕಿರಿಯವಳಿಗೆ ಮೈಯೆಲ್ಲ ಉರಿದುಹೋಯಿತು. ವಾಲ್ವು ತಿರುಗಿಸಿದಳು. ಒತ್ತಡ ತೋರಿಸುವ ಮುಳ್ಳು ಏರತೊಡಗಿತು, ಕಂಪ್ರೆಸರ್ ನರಳಿತು. ವಾರಗಿತ್ತಿ ಪೈಪಿನ ಮೇಲೆಯೇ ಬಾಗಿ ನೋಡುತ್ತಿದ್ದಳು. ಸೀಳಲಿ ಎಂದುಕೊಂಡಳು ಕಿರಿಯವಳು. ಸುಮ್ಮನೆ ಅಲ್ಲ, ನಿಜವಾಗಿ ಬಯಸಿದಳು. ಆಗ ತನ್ನ ಕೈ ಇನ್ನೂ ತಿರುಗಿಸುತ್ತಿರುವುದು ಕಣ್ಣಿಗೆ ಬಿತ್ತು.

"ಮುಖ ಹಿಂದಕ್ಕೆ ತಗೋ," ಎಂದು ಗದರಿ ವಾಲ್ವು ಮುಚ್ಚಿ ಎಂಜಿನ್ ನಿಲ್ಲಿಸಿದಳು. ಹೆಚ್ಚಾದದ್ದನ್ನು ಹೊಸ ಗ್ಯಾಸಿನ ಮೆಷಿನ್ನಿಗೆ ಎಳೆದುಕೊಂಡಳು. ಗದರಿಸಲು ನೀನ್ಯಾರು ಎಂದು ವಾರಗಿತ್ತಿ ಕೂಗಾಡಿದಳು.

ಮತ್ತೆ ಎಂಜಿನ್ ಹಚ್ಚಿದಾಗ ಗಾಳಿ ತಣ್ಣಗೆ ಬಂತು. ಅತ್ತೆ ಕಣ್ಣು ಮುಚ್ಚಿ ಸೀಟಿಗೆ ಒರಗಿದಳು, ಹೊರಡು ಅಂದಳು ಹಿರಿಸೊಸೆಗೆ.

ಮುಂದೆ ಯಾರಾದರೂ ತಪ್ಪು ಗ್ಯಾಸು ಬೆರೆಸಬಾರದೆಂದು ಅವಳು ಬಾನೆಟ್ಟಿನ ಒಳಮೈಗೆ ಹೊಸ ಗ್ಯಾಸಿನ ಹೆಸರಿನ ಚೀಟಿ ಅಂಟಿಸಿದಳು. ನಿನ್ನ ಗುರುತು ನಮ್ಮ ಕಾರಿನ ಮೇಲೆ ಬೇಡ ಎಂದು ವಾರಗಿತ್ತಿ ಪರಪರನೆ ಕಿತ್ತಳು. ಕಿರಿಯವಳು ಬಣ್ಣದ ಡಬ್ಬಿ ತಂದು, ಅದೇ ಜಾಗದಲ್ಲಿ, ಆ ಹೆಸರನ್ನೇ ಬ್ರಷ್ಷಿನಿಂದ ದೊಡ್ಡದಾಗಿ ಬರೆದಳು.

"ಇದನ್ನೂ ಕೀಳು," ಅಂದಳು.